ಯಾರೂ ಬೀಳದ ಐದು ತಿಂಗಳು

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಚಳ್ಳಕೆರೆ ಠಾಣೆಗೆ ಬಂದ ನಾಗರತ್ನ ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರಲಿಲ್ಲ. ವಯಸ್ಸು ಮೂವತ್ತೆಂಟು, ದೇವಸಮುದ್ರದ ಬಳಿಯ ಹಟ್ಟಿಯೊಂದರ ಅಂಗನವಾಡಿ ಕಾರ್ಯಕರ್ತೆ. ದೂರನ್ನು ಮನೆಯಲ್ಲೇ ಬರೆದು ತಂದಿದ್ದರು. ದುಂಡಗಿನ ಅಕ್ಷರ. ಒಂದು ಸಾಲನ್ನು ಮಾತ್ರ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದರು: 'ನನ್ನ ತಾಯಿಯನ್ನು ಅಲ್ಲಿಗೆ ಸೇರಿಸಿದವಳು ನಾನೇ.'

ಇನ್‌ಸ್ಪೆಕ್ಟರ್ ಸರ್ವಮಂಗಳ ದೂರನ್ನು ಪೂರ್ತಿ ಓದಿದ ಮೇಲೆ ಪ್ರಶ್ನೆಗೆ ಇಳಿದರು.

"ತಾಯಿ ಹೆಸರು ಸೂರಮ್ಮ, ಎಪ್ಪತ್ತೊಂದು ವರ್ಷ. ಯಾವಾಗ ಸೇರಿಸಿದ್ದು?"

"ನವೆಂಬರ್‌ನಾಗೆ, ಮೇಡಂ. ಬಿದ್ದು ಸೊಂಟ ಮುರಕಂಡಿದ್ಲು. ಆಪರೇಷನ್ ಆತು. ದಿನಾ ಹಿಡಿದು ನಡೆಸೋರು ಬೇಕು ಅಂದ್ರು ಡಾಕ್ಟ್ರು. ನಾನು ಹಗಲೊತ್ತು ಅಂಗನವಾಡಿಗೆ ಹೋಗ್ಬೇಕಲ್ಲ, ಅದಕ್ಕೆ ಮೂರು ತಿಂಗಳಿಗೆ ಅಂತ 'ನೆಮ್ಮದಿ'ಗೆ ಹಾಕಿದ್ದೆ."

'ನೆಮ್ಮದಿ' ಚಳ್ಳಕೆರೆಯ ಹೊರಗಿನ ವೃದ್ಧರ ಆರೈಕೆ ಕೇಂದ್ರ.

"ಕೊನೇ ಸಲ ನೋಡಿದ್ದು?"

"ಜನವರಿ ಇಪ್ಪತ್ತಾರು, ಭಾನುವಾರ. ವಾಕರ್ ಹಿಡಕಂಡು ಬಾಗಿಲ ತನಕ ಬಂದಿದ್ಲು. ಆಮ್ಯಾಕೆ ಜ್ವರ ಹರಡ್ತೈತೆ, ಪರಿಶೀಲನೆಗೆ ಸಮಿತಿ ಬೇರೆ ಬರ್ತೈತೆ, ಸದ್ಯ ಬರಬ್ಯಾಡ್ರಿ ಅಂದ್ರು. ಫೋನ್ ಮಾಡಿದ್ರೆ ಚೆನ್ನಾಗಿ ಉಣ್ತಾರೆ, ಮಲಗವ್ರೆ ಅನ್ನೋರು. ಮೊನ್ನೆ ಭಾನುವಾರ ಹೇಳ್ದೆ ಕೇಳ್ದೆ ಹೋದೆ." ಅಂಗೈ ಚಾಚಿ ತೋರಿಸಿದರು. "ಬೆನ್ನಾಗೆ ನನ್ನ ಅಂಗೈ ಹಿಡಿಯೋವಷ್ಟು ಗಾಯ, ಮೇಡಂ."

ಸೂರಮ್ಮನನ್ನು ನಾಗರತ್ನರೇ ಆಸ್ಪತ್ರೆಗೆ ಒಯ್ದಿದ್ದರು. ಸೋಮವಾರ ಸಂಜೆ 6.10ಕ್ಕೆ ಸಾವು.

"ನಿಮ್ಮ ಅನುಮಾನ ಯಾರ ಮೇಲೆ?"

"ಅನುಮಾನ ಅಲ್ಲ ಮೇಡಂ. ಆ ಹದಿನಾಲ್ಕು ದಿನ ನಮ್ಮವ್ವಗೆ ಏನಾತು ಅಂತ ನಂಗೆ ಗೊತ್ತಾಗ್ಬೇಕು. ಮನೆಯಾಗೆ ಎಲ್ರೂ ನನ್ನೇ ನೋಡ್ತಾವ್ರೆ."

10.25ಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 106. ಮಧ್ಯಾಹ್ನದ ಒಳಗೆ ಶವ ಪಂಚನಾಮೆ ಮುಗಿಸಿ, ಮರಣೋತ್ತರ ಪರೀಕ್ಷೆಗೆ ಕೋರಿಕೆ ಹೋಯಿತು. ಪರೀಕ್ಷೆ ಮಾಡಿದ ಡಾ. ರವಿಕಿರಣ್ ಕೈ ಒರೆಸಿಕೊಳ್ಳುತ್ತಲೇ ಹೊರಗೆ ಬಂದರು.

"ಹಾಸಿಗೆ ಹುಣ್ಣು ಮೂಳೆವರೆಗೂ ಇಳಿದಿದೆ. ನಂಜು ರಕ್ತಕ್ಕೆ ಸೇರಿದೆ. ಮೈಯಲ್ಲಿ ನೀರಿನ ಅಂಶವೇ ಇಲ್ಲ."

"ಮಗಳು ನೋಡಿದಾಗ ನಡೀತಿದ್ದರಂತೆ."

"ನಡೆಯೋರು ಹದಿನಾಲ್ಕು ದಿನ ಒಂದೇ ಮಗ್ಗುಲಲ್ಲಿ ಯಾಕೆ ಮಲಗ್ತಾರೆ, ಮೇಡಂ? ನನಗೂ ಅದೇ ಪ್ರಶ್ನೆ." ಒಳಾಂಗಗಳ ಮಾದರಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವುದಾಗಿ ಹೇಳಿದರು. ವರದಿ ಬರಲು ವಾರಗಳೇ ಬೇಕು.

ಮಧ್ಯಾಹ್ನ 3.15ಕ್ಕೆ ಸರ್ವಮಂಗಳ, ಹೆಡ್ ಕಾನ್‌ಸ್ಟೆಬಲ್ ಓಬಳಪ್ಪ ಮತ್ತು ಒಬ್ಬ ಮಹಿಳಾ ಪೇದೆ 'ನೆಮ್ಮದಿ' ತಲುಪಿದರು. ಅಂಗಳ ಗುಡಿಸಿ ನೀರು ಚಿಮುಕಿಸಿತ್ತು. ಒಳಗೆ ಫಿನಾಯಿಲ್ ವಾಸನೆ. ಇಪ್ಪತ್ತೊಂದು ಹಾಸಿಗೆ, ಇಪ್ಪತ್ತೊಂದು ಬಿಳಿ ಹೊದಿಕೆ. ಕೆಮ್ಮಿನ ಸದ್ದೂ ಇಲ್ಲ. ವಯಸ್ಸಾದವರು ಇಷ್ಟು ಜನ ಇರುವ ಕಡೆ ಯಾರಾದರೊಬ್ಬರು ಗೊಣಗುತ್ತಿರಬೇಕಿತ್ತು ಎಂದು ಸರ್ವಮಂಗಳರಿಗೆ ಅನಿಸಿತು. ಸದ್ದಿಲ್ಲದಿರುವುದೇ ಅವರಿಗೆ ಕಸಿವಿಸಿ ತಂದಿತು.

ಮಾಲೀಕ ವಿಶ್ವನಾಥ್ ಗೋಡೆಯ ಮೇಲಿನ ಚೌಕಟ್ಟು ತೋರಿಸಿದರು. "ಐದನೇ ತಾರೀಖು ಜಿಲ್ಲೆಯಿಂದ ಮೌಲ್ಯಮಾಪನಕ್ಕೆ ಬಂದಿದ್ರು, ಮೇಡಂ. ನೂರಕ್ಕೆ ತೊಂಬತ್ನಾಲ್ಕು. ಇದೆಲ್ಲ ನಮ್ಮ ಸಿಸ್ಟರ್ ಪ್ರೇಮಲತಾ ಅವರ ಶ್ರಮ."

ಪ್ರೇಮಲತಾ ಮುಖ್ಯ ದಾದಿ. ನಲವತ್ತೈದರ ಆಸುಪಾಸು, ಇಸ್ತ್ರಿ ಹಾಕಿದ ಸೀರೆ, ಕೆಳದನಿ. ಕೇಳುವ ಮೊದಲೇ ಸೂರಮ್ಮನ ಆರೈಕೆ ಪಟ್ಟಿ ತಂದಿಟ್ಟರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದ್ದು, ನೀರು ಕುಡಿಸಿದ್ದು, ಊಟ, ಎಲ್ಲಕ್ಕೂ ಸಮಯ ನಮೂದಾಗಿತ್ತು. ಒಂದು ಖಾನೆಯೂ ಖಾಲಿ ಇರಲಿಲ್ಲ.

ಓಬಳಪ್ಪ ಮೊಳಕಾಲ್ಮುರು ಕಡೆಯ ಹಟ್ಟಿಯವರು. ಪಟ್ಟಿಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಓದುತ್ತಿದ್ದವರು ಒಂದು ಕಡೆ ನಿಂತರು.

"ಮೇಡಂ, ಒಂದ್ನಿಮಿಷ." ಇಬ್ಬರೂ ಜಗಲಿಗೆ ಬಂದರು. "ಈ ಪಟ್ಟಿ ಸುಳ್ಳು."

"ಹೆಂಗೆ ಹೇಳ್ತೀರಿ?"

"ಬೆಳಿಗ್ಗೆ ಎಂಟಕ್ಕೆ ಅಂಬಲಿ, ಬೇಯಿಸಿದ ಮೊಟ್ಟೆ ಒಂದು, ಪೂರ್ತಿ ತಿಂದರು ಅಂತ ದಿನಾ ಬರೆದವ್ರೆ. ಸೂರಮ್ಮ ನಮ್ಮ ಪೈಕಿ ಮೇಡಂ, ಮ್ಯಾಸನಾಯಕರು. ನಾವು ಕುರಿ ತಿಂತೀವಿ, ಕೋಳಿ ಮುಟ್ಟಲ್ಲ. ತತ್ತೀನೂ ಇಲ್ಲ. ನಮ್ಮ ಹಟ್ಟಿಯಾಗೆ ಬೆಳಗಾದ್ರೆ ಕೋಳಿ ಕೂಗಾಕಿಲ್ಲ. ಆ ವಯಸ್ಸಿನ ಮುದುಕಿ ಪ್ರಾಣ ಬಿಟ್ಟಾಳು, ತತ್ತಿ ಬಾಯಿಗಿಡಲ್ಲ."

ಸರ್ವಮಂಗಳ ನಾಗರತ್ನರಿಗೆ ಫೋನ್ ಮಾಡಿ ಕೇಳಿದರು. ಸೇರಿಸಿದ ದಿನವೇ ಅದನ್ನು ಪ್ರೇಮಲತಾಗೆ ಹೇಳಿದ್ದೆ ಎಂದು ಉತ್ತರ ಬಂತು. ಉಳಿದ ಇಪ್ಪತ್ತೊಂದು ಪಟ್ಟಿಗಳನ್ನೂ ತೆರೆಸಿ ನೋಡಿದಾಗ ಎಲ್ಲರೂ ಅದೇ ಮೊಟ್ಟೆಯನ್ನು ಅದೇ ಎಂಟು ಗಂಟೆಗೆ ಪೂರ್ತಿ ತಿಂದಿದ್ದರು. ಅವರಲ್ಲಿ ನಾಲ್ವರು ಲಿಂಗಾಯತರು. ಪೌಷ್ಟಿಕ ಆಹಾರಕ್ಕೆ ಸಮಿತಿ ಹತ್ತಕ್ಕೆ ಹತ್ತು ಕೊಟ್ಟಿತ್ತು.

ಸಮಿತಿಯ ಅಂಕಪಟ್ಟಿಯನ್ನು ಸರ್ವಮಂಗಳ ಎರಡು ಸಲ ಓದಿದರು. 'ನಿವಾಸಿಗಳು ಬಿದ್ದ ಪ್ರಕರಣ' ಎಂಬ ಸಾಲಿನಲ್ಲಿ, ಯಾರೂ ಬೀಳದಿದ್ದರೆ ಪೂರ್ತಿ ಇಪ್ಪತ್ತು ಅಂಕ. ಹಾಸಿಗೆ ಹುಣ್ಣು ಎಂಬ ಮಾತು ಎಲ್ಲೂ ಇರಲಿಲ್ಲ. ಹಿಂದಿನ ಆಗಸ್ಟ್‌ನಲ್ಲಿ ಆರು ಜನ ಬಿದ್ದಿದ್ದರು. ಸೆಪ್ಟೆಂಬರ್‌ನಿಂದ ಸೊನ್ನೆ.

"ಐದು ತಿಂಗಳು ಒಬ್ಬರೂ ಎಡವಲಿಲ್ಲ. ಏನು ಮಾಡಿದಿರಿ, ಸಿಸ್ಟರ್?"

"ಜಾಗ್ರತೆ, ಮೇಡಂ." ಪ್ರೇಮಲತಾ ಕಣ್ಣು ಮಿಟುಕಿಸಲಿಲ್ಲ. "ಅಷ್ಟೇ."

ಕೊನೆಯ ಹಾಸಿಗೆಯಲ್ಲಿ ಕಣ್ಣುಮುಚ್ಚಿ ಮಲಗಿದ್ದ ಮುದುಕರೊಬ್ಬರು ಪೊಲೀಸರ ಬೂಟು ಹತ್ತಿರ ಬಂದದ್ದೇ ಒಂದು ಕಣ್ಣು ತೆರೆದರು. ಚಿಕ್ಕಬಸಪ್ಪ, ಎಂಬತ್ತು ವರ್ಷ, ನಿವೃತ್ತ ಶಾಲಾ ಮಾಸ್ತರು.

"ಆಯಮ್ಮ ಹೋದ್ಲಾ?"

"ಹೋದ್ರು, ಮೇಷ್ಟ್ರೇ. ಹೇಳ್ರಿ."

"ಅಂಬಲಿ ಕುಡಿದೋರೆಲ್ಲ ಮಧ್ಯಾಹ್ನದ ಕುರಿಮಂದೆ ಇದ್ದಂಗೆ. ನಾನು ಮೂರು ತಿಂಗಳಿಂದ ಕುಡಿದಿಲ್ಲ. ಕಿಟಕಿಯಾಗಿನ ಆ ದಾಸವಾಳದ ಕುಂಡಕ್ಕೆ ಸುರೀತೀನಿ. ನೋಡ್ರಿ ಅದನ್ನ, ಅದೂ ತೂಕಡಿಸ್ತೈತೆ." ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಸರ್ವಮಂಗಳರ ಕೈ ಹಿಡಿದುಕೊಂಡರು. "ನಗ್ತೀನಿ ಅಂತ ತಪ್ಪು ತಿಳೀಬ್ಯಾಡವ್ವ. ಭಯ ಆಗ್ತೈತೆ. ಭಾನುವಾರ ಮಾತ್ರ ಎಲ್ರಿಗೂ ಎಚ್ಚರ ಇರ್ತೈತೆ. ಮನೆಯೋರು ಬರೋ ದಿನ ಅಲ್ವಾ?"

ನಾಳೆಯ ಅಂಬಲಿಯನ್ನು ಯಾರೂ ಕುಡಿಯಬಾರದು, ಆದರೆ ಸಾಕ್ಷ್ಯಕ್ಕಾಗಿ ಅದು ತಯಾರಾಗಲೇಬೇಕು. ಸರ್ವಮಂಗಳ ಮಹಿಳಾ ಪೇದೆಯನ್ನು ಅಲ್ಲೇ ಬಿಟ್ಟರು. ಕಾರಣ ಕೇಳಿದ ವಿಶ್ವನಾಥ್‌ಗೆ ದಾಖಲೆಗಳ ಕಾವಲು ಎಂದರು. ಆ ಇಪ್ಪತ್ತೊಂದು ಬಿಳಿ ಹೊದಿಕೆಗಳು ಮನೆಗೆ ಹೋದ ಮೇಲೂ ಅವರ ಕಣ್ಣಮುಂದೆ ಇದ್ದವು.

ಫೆಬ್ರವರಿ 12, ಬುಧವಾರ ಬೆಳಿಗ್ಗೆ 7.35. ಇಬ್ಬರು ಪಂಚರು ಮತ್ತು ಡಾ. ರವಿಕಿರಣ್ ಜೊತೆಗೆ ಸರ್ವಮಂಗಳ ನೇರ 'ನೆಮ್ಮದಿ'ಯ ಅಡುಗೆಮನೆಗೆ ಹೋದರು. ಆಯಾ ಲಕ್ಷ್ಮೀದೇವಿ ಒರಳುಕಲ್ಲಿನಲ್ಲಿ ಬಿಳಿ ಪುಡಿ ಕುಟ್ಟುತ್ತಿದ್ದಳು. ಪೊಲೀಸರನ್ನು ಕಂಡು ಓಡಲಿಲ್ಲ. ಗುಂಡುಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು.

"ಏನಿದು?"

"ಶಕ್ತಿ ಮಾತ್ರೆ ಅಂತ ಕೊಡ್ತಾರೆ ಸಿಸ್ಟರು."

"ನಿನಗೆ ಏನನ್ಸುತ್ತೆ?"

ಲಕ್ಷ್ಮೀದೇವಿ ಸೆರಗು ಬಾಯಿಗಿಟ್ಟಳು. "ಒಂದಿನ ಉಳಿದ ಅಂಬಲಿ ನಾನೇ ಕುಡಿದಿದ್ದೆ ಅಮ್ಮಾರೇ. ಎದ್ದಾಗ ಸಂಜೆಯಾಗಿತ್ತು."

ಪುಡಿ, ಅಂಬಲಿಯ ಪಾತ್ರೆ, ದಾಸವಾಳದ ಕುಂಡದ ಮಣ್ಣು, ಆರೈಕೆ ಪಟ್ಟಿಗಳು, ಪ್ರೇಮಲತಾ ಬಳಿಯಿದ್ದ ಬೀಗದ ಕೈಯಿಂದ ತೆರೆದ ಕಪಾಟಿನಲ್ಲಿದ್ದ, ವೈದ್ಯರ ಚೀಟಿಯೇ ಇಲ್ಲದ ನಿದ್ರೆ ಮಾತ್ರೆಯ ಹಾಳೆಗಳು, ಎಲ್ಲವನ್ನೂ ವಶಪಡಿಸಿಕೊಂಡರು. ಪಂಚನಾಮೆ 10.20ಕ್ಕೆ ಮುಗಿಯಿತು. ಇಪ್ಪತ್ತೊಂದು ಜನರನ್ನೂ ಆಸ್ಪತ್ರೆಗೆ ಸಾಗಿಸಲಾಯಿತು. ಇನ್ನೂ ಏಳು ಜನರ ಬೆನ್ನಿನಲ್ಲಿ ಹುಣ್ಣು ಕಂಡಿತು. ತೊಂಬತ್ನಾಲ್ಕರ ಚೌಕಟ್ಟಿನ ಕೆಳಗೆ ವಿಶ್ವನಾಥ್ ಕೂತೇ ಇದ್ದರು. ತಾನು ಒಳಗೆ ಬಂದು ನೋಡುತ್ತಿದ್ದುದು ಭಾನುವಾರ ಮಾತ್ರ ಎಂದು ಹೇಳಿಕೆ ಕೊಟ್ಟರು.

ಠಾಣೆಯಲ್ಲಿ ಸರ್ವಮಂಗಳ ಸೂರಮ್ಮನ ಪಟ್ಟಿಯನ್ನು ಪ್ರೇಮಲತಾ ಮುಂದೆ ಸರಿಸಿದರು.

"ಮೊಟ್ಟೆ ತಿನ್ನಲ್ಲ ಅಂತ ಮಗಳು ಹೇಳಿದ್ದರು. ಆದರೂ ಬರೆದಿರಿ."

"ಎಲ್ಲರದ್ದೂ ಒಟ್ಟಿಗೆ ಬರೀತಿದ್ದೆ, ಮೇಡಂ. ವಾರದ್ದು ಒಂದೇ ಸಲ."

"ಇಪ್ಪತ್ತಾರರ ನಂತರ ಸೂರಮ್ಮನಿಗೆ ಏನಾಯ್ತು?"

"ಇಪ್ಪತ್ತೇಳಕ್ಕೆ ಯಾರನ್ನೂ ಕರೀದೆ ಎದ್ದರು. ಬಾಗಿಲ ಹತ್ತಿರ ವಾಲಿ ಚೌಕಟ್ಟು ಹಿಡ್ಕೊಂಡರು. ಬೀಳೋದು ಒಂದು ಚೂರಲ್ಲಿ ತಪ್ಪಿತು. ಸಮಿತಿ ಬರೋದಿತ್ತು. ಅವರಿಗೆ ಮಾತ್ರೆ ಎರಡು ಮಾಡಿದೆ."

"ಅಂಕಕ್ಕೋಸ್ಕರ?"

ಪ್ರೇಮಲತಾ ಮೊದಲ ಸಲ ತಲೆ ಎತ್ತಿದರು. "ಅಂಕ ವಿಶ್ವನಾಥ್ ಅವರಿಗೆ ಬೇಕಿತ್ತು. ನನಗೆ ಬೀಳೋ ಸದ್ದು ಕೇಳಬಾರದಿತ್ತು."

ನಾಲ್ಕು ವರ್ಷದ ಹಿಂದೆ, ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ, ಅವರು ಒಬ್ಬ ರೋಗಿಗೆ ಬ್ಯಾಂಡೇಜು ಕಟ್ಟುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಮಂಚದಿಂದ ಬಿದ್ದು ತಲೆ ಒಡೆದುಕೊಂಡು ಸತ್ತಿದ್ದರು. ಮೂವತ್ತು ರೋಗಿಗಳಿಗೆ ಆ ಪಾಳಿಯಲ್ಲಿದ್ದದ್ದು ಅವರೊಬ್ಬರೇ. ಸತ್ತವರ ಮನೆಯವರು ಅವರ ಜುಟ್ಟು ಹಿಡಿದು ಮೆಟ್ಟಿಲವರೆಗೆ ಎಳೆದಿದ್ದರು. ಕೆಲಸ ಹೋಗಿತ್ತು. 'ನೆಮ್ಮದಿ'ಯಲ್ಲೂ ಇಪ್ಪತ್ತೆರಡು ಜನರಿಗೆ ಇದ್ದದ್ದು ಅವರು ಮತ್ತು ಲಕ್ಷ್ಮೀದೇವಿ, ಇಬ್ಬರೇ. ಸರ್ವಮಂಗಳ ಇದನ್ನೂ ಬಿಡದೆ ಬರೆಸಿಕೊಂಡರು. ಅದು ನೆಪವಲ್ಲ, ಆದರೆ ದಾಖಲೆಯಲ್ಲಿ ಇರಬೇಕಾದದ್ದು.

ಅಮಲು ಪದಾರ್ಥ ಉಣಿಸಿದ್ದು, ಸುಳ್ಳು ದಾಖಲೆ ಸೃಷ್ಟಿಸಿದ್ದು ಎಂಬ ಸೆಕ್ಷನ್‌ಗಳು ಸೇರಿದವು. ಸಂಜೆ 4.50ಕ್ಕೆ, ಮಹಿಳೆಯರ ಬಂಧನದ ನಿಯಮದಂತೆ ಸೂರ್ಯಾಸ್ತಕ್ಕೆ ಮುಂಚೆ, ಪ್ರೇಮಲತಾ ಅವರನ್ನು ಬಂಧಿಸಲಾಯಿತು. ವಿಶ್ವನಾಥ್ ಎರಡನೇ ಆರೋಪಿ.

5.30ಕ್ಕೆ ನಾಗರತ್ನ ಬಂದರು. ಸೂರಮ್ಮನ ಮಣ್ಣು ಮುಗಿದಿತ್ತು. ಲಕ್ಷ್ಮೀದೇವಿಯ ಹೇಳಿಕೆ ಮೇಜಿನ ಮೇಲಿತ್ತು. ಅದನ್ನು ಓದಿ ಹೇಳುವುದು ಬೇಡವೆಂದು ಓಬಳಪ್ಪ ಕಣ್ಣಲ್ಲೇ ಸೂಚಿಸಿದರು. ಇವತ್ತಲ್ಲ ನಾಳೆ ತುಂಬಿದ ಕೋರ್ಟಿನಲ್ಲಿ ಇದನ್ನು ಓದುತ್ತಾರೆ, ಇಲ್ಲಿ ಕೇಳುವುದೇ ಮೇಲು ಎಂದುಕೊಂಡು ಸರ್ವಮಂಗಳ ಓದಿದರು.

"'ಸೂರಮ್ಮನವರು ಎಚ್ಚರವಾದಾಗ ನೀರು ಕೇಳುತ್ತಿದ್ದರು. ಕುಡಿದರೆ ಬಚ್ಚಲಿಗೆ ಏಳುತ್ತಾರೆ ಎಂದು ಸಿಸ್ಟರ್ ಹತ್ತಿಯಲ್ಲಿ ತುಟಿ ಒದ್ದೆ ಮಾಡಲು ಮಾತ್ರ ಹೇಳಿದ್ದರು. ಮಗಳು ಬರುವ ಹೊತ್ತಾಯಿತು, ನನ್ನನ್ನು ಎಬ್ಬಿಸಿ ಕೂರಿಸಿ ಎಂದು ಕೇಳುತ್ತಿದ್ದರು.'"

ನಾಗರತ್ನ ಈಗ ಕೂತರು.

"ನಂಗೆ ಬೈತಿದ್ಲಾ, ಮೇಡಂ? ತಂದು ಇಲ್ಲಿ ಬಿಟ್ಟೋದ್ಲು ಅಂತ?"

ಸರ್ವಮಂಗಳ ಹೇಳಿಕೆಯ ಕೊನೆಯ ಪುಟ ನೋಡಿದರು. ಬೈದರು ಎಂದು ಅದರಲ್ಲಿ ಇರಲಿಲ್ಲ. ಬೈಯಲಿಲ್ಲ ಎಂದೂ ಇರಲಿಲ್ಲ. ಹದಿನಾರು ವರ್ಷದ ನೌಕರಿಯಲ್ಲಿ ಕಾಗದದಲ್ಲಿ ಇಲ್ಲದ್ದನ್ನು ಅವರು ಯಾರಿಗೂ ಓದಿ ಹೇಳಿದವರಲ್ಲ.

"ಇಲ್ಲ," ಎಂದರು. "ಒಂದು ಸಲಾನೂ ಇಲ್ಲ."