ಹೆಪ್ಪುಗಟ್ಟಬಾರದ ನೀರು

ಹನ್ನೊಂದು ವರ್ಷದ ಹಿಂದೆ ನರ್ಸು, ಊರಿಗೆಲ್ಲ ಕೋಟು ಹೊಲಿಯುವ ಹೊಲಿಗೆಯಮ್ಮನಿಗೆ ಒಂದು ಮಾತು ಕೊಟ್ಟಿದ್ದಳು. ಹೊಲಿಗೆಯಮ್ಮನ ಗಂಡನನ್ನು ವಿಮಾನದಲ್ಲಿ ನಗರದ ಆಸ್ಪತ್ರೆಗೆ ಕಳಿಸಿದ್ದರು. ಕಾಗದಕ್ಕೆ ಸಹಿ ಹಾಕಿದವಳು ನರ್ಸೇ. ಆತ ಗುರುತಿನವರು ಯಾರೂ ಇಲ್ಲದ ವಾರ್ಡಿನಲ್ಲಿ ಒಬ್ಬನೇ ಸತ್ತ. ಹೆಣ ಊರಿಗೆ ಬಂದ ದಿನ ಹೊಲಿಗೆಯಮ್ಮ ಅಳಲಿಲ್ಲ.

"ನನ್ನನ್ನ ಹಾಗೆ ಕಳಿಸಬೇಡ" ಎಂದಳು.

"ಇಲ್ಲ ದೊಡ್ಡಮ್ಮ, ಕಳಿಸಲ್ಲ" ಎಂದಿದ್ದಳು ನರ್ಸು.

ಈಗ ಹೊಲಿಗೆಯಮ್ಮನ ಎರಡು ಕಿಡ್ನಿಗಳೂ ಕೈಕೊಟ್ಟಿದ್ದವು. ದಿನಕ್ಕೆ ನಾಲ್ಕು ಸಲ, ಸಲಕ್ಕೊಂದು ಚೀಲ ಔಷಧಿ ನೀರನ್ನು ನಳಿಕೆಯಿಂದ ಹೊಟ್ಟೆಗೆ ತುಂಬಿ, ಆಮೇಲೆ ಹೊರಗೆ ಇಳಿಸಬೇಕು. ಉತ್ತರದ ಆ ಕೊನೆಯ ಊರಿನ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷದಿಂದ ಇದು ನಡೆದುಕೊಂಡು ಬಂದಿತ್ತು. ಈ ಸಲ ಹಿಮ ಬೇಗ ಕರಗಿ ವಿಮಾನ ಇಳಿಯುವ ಬಯಲು ಕೆಸರಾಯಿತು. ದೋಣಿ ಬರಲು ಇನ್ನೂ ಆರು ವಾರಕ್ಕೂ ಮೇಲಿತ್ತು. ಉಳಿದಿದ್ದು ಐದು ದಿನದ ಚೀಲ. ಹೆಲಿಕಾಪ್ಟರು ಕೇಳಿದರೆ, ಅದು ರೋಗಿಯನ್ನು ಒಯ್ಯಲು ಬರುತ್ತದೆ, ಸಾಮಾನು ತರಲು ಅಲ್ಲ ಎಂದರು ಮೇಲಿನವರು.

ಹಾಗಾದರೆ ತಾವೇ ಹೋಗಿ ತರುವುದು ಎಂದಾಯಿತು. ನರ್ಸು, ಕೇಂದ್ರದ ಕಾಂಪೌಂಡರ್, ಹಿಮದ ಮೇಲೆ ಓಡುವ ಮೋಟಾರು ಬಂಡಿಯ ಡ್ರೈವರ್. ಡ್ರೈವರ್ ಹೊಲಿಗೆಯಮ್ಮನ ಅಳಿಯ; ಅಷ್ಟು ದಿನ ಚೀಲ ಹಾಕುವುದನ್ನು ನರ್ಸು ಅವನ ಹೆಂಡತಿಗೆ ಕಲಿಸಿಟ್ಟಳು. ಹೆಪ್ಪುಗಟ್ಟಿದ ಸರೋವರದ ಮೇಲೆ ಎರಡು ದಿನ ಓಡಿ, ಆಚೆ ದಡದ ಉಗ್ರಾಣದಲ್ಲಿ ಇಪ್ಪತ್ತೆಂಟು ಪೆಟ್ಟಿಗೆಗಳನ್ನು ಮೋಟಾರು ಬಂಡಿಯ ಹಿಂದೆ ಕಟ್ಟಿದ ಜಾರುಬಂಡಿಗೆ ಏರಿಸಿದರು. ಪೆಟ್ಟಿಗೆಗೆ ಆರು ಚೀಲ. ಸರಿಯಾಗಿ ಆರು ವಾರಕ್ಕೆ ಸಾಕು.

"ನಮ್ಮತ್ತೆ ನನಗೆ ಕೊಟ್ಟಿದ್ದು ಒಂದೇ ಒಂದು ಕೋಟು" ಎಂದ ಡ್ರೈವರ್ ಹಗ್ಗ ಬಿಗಿಯುತ್ತಾ. "ಅದಕ್ಕೆ ಇಷ್ಟು ಭಾರ ಎಳೆಸ್ತಾಳೆ ಅಂತ ಗೊತ್ತಿದ್ದರೆ ಚಳೀಲೇ ಇರ್ತಿದ್ದೆ."

ನರ್ಸು ನಗಲಿಲ್ಲ. ಅವಳಿಗೆ ಯಾವುದೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಎದುರಿಗೆ ಬಿಳಿ ಬಯಲು, ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದಂತೆ ಕಾಡು, ಅದರ ಮೇಲೆ ಬಣ್ಣವೇ ಇಲ್ಲದ ಆಕಾಶ. ಗಂಟೆಗಟ್ಟಲೆ ಓಡಿದರೂ ಕಾಡು ಹತ್ತಿರವಾಗಲಿಲ್ಲ, ದೂರವೂ ಆಗಲಿಲ್ಲ. ಚಳಿ ಹೆಚ್ಚಾದರೆ ಚೀಲದ ನೀರು ಹೆಪ್ಪುಗಟ್ಟಿ ಚೀಲ ಬಿರಿಯುತ್ತದೆ. ಬಿಸಿಲು ಹೆಚ್ಚಾದರೆ ಕಾಲ ಕೆಳಗಿನ ದಾರಿಯೇ ಕರಗುತ್ತದೆ. ಅವಳು ಅಷ್ಟನ್ನೇ ಯೋಚಿಸುತ್ತಿದ್ದಳು. ವಾಪಸು ಬರುವಾಗ ರಾತ್ರಿ ತಂಗಿದ ಕಡೆ ಸ್ಟೌವಿದ್ದ ಡೇರೆಯನ್ನು ಪೆಟ್ಟಿಗೆಗಳಿಗೆ ಬಿಟ್ಟುಕೊಟ್ಟು, ಮೂವರೂ ಜಾರುಬಂಡಿಯ ಮರೆಯಲ್ಲಿ ಹೊರಗೆ ಮಲಗಿದರು.

ಬೆಳಿಗ್ಗೆ ನೋಡಿದರೆ ಅಂಚಿನ ಎರಡು ಚೀಲದಲ್ಲಿ ಸೂಜಿಯಂಥ ಹರಳು ಮೂಡಿದ್ದವು. ನರ್ಸು ಹೆದರಿದಳು. ಎಲ್ಲ ಪೆಟ್ಟಿಗೆ ಬಿಚ್ಚಿ, ಕಪ್ಪು ಟಾರ್ಪಾಲಿನ ಮೇಲೆ ಚೀಲಗಳನ್ನು ಬಿಸಿಲಿಗೆ ಹರಡಿಸಿದಳು.

"ಬಿಸಿಲು ಚೀಲಕ್ಕೆ ಮಾತ್ರ ಬೀಳಲ್ಲ ಸಿಸ್ಟರ್" ಎಂದ ಡ್ರೈವರ್. "ದಾರಿಗೂ ಬೀಳುತ್ತೆ."

ಒಂದು ಗಂಟೆ ಸಾಕು ಎಂದಳು. ಮತ್ತೆ ತುಂಬಿ ಕಟ್ಟಿ ಹೊರಡುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು.

ಊರಿನ ಹತ್ತಿರ, ನದಿ ಸರೋವರಕ್ಕೆ ಸೇರುವ ಕಡೆ ಡ್ರೈವರ್ ಬಂಡಿ ನಿಲ್ಲಿಸಿದ. ಕಬ್ಬಿಣದ ಸಲಾಕೆಯಿಂದ ಮಂಜುಗಡ್ಡೆ ಕುಟ್ಟಿದ. ಎರಡನೇ ಏಟಿಗೆ ಸಲಾಕೆ ಒಳಗೆ ಹೋಯಿತು.

ಮೋಟಾರು ಬಂಡಿ ಅಲ್ಲೇ ಉಳಿಯಿತು. ದಾಟಬೇಕಾದ ತೆಳು ಮಂಜುಗಡ್ಡೆ ಇನ್ನೂರು ಹೆಜ್ಜೆ ಅಗಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಒಬ್ಬೊಬ್ಬರೇ ದೂರ ದೂರ ನಡೆದು, ಒಂದೊಂದೇ ಪೆಟ್ಟಿಗೆ ದಾಟಿಸಿದರು. ಇಪ್ಪತ್ತು ದಾಟಿದವು. ಕಾಲ ಕೆಳಗೆ ಟಕ್ ಟಕ್ ಸದ್ದು ಶುರುವಾಯಿತು.

ಇನ್ನು ತಡಮಾಡುವ ಹಾಗಿರಲಿಲ್ಲ. ಉಳಿದ ಎಂಟನ್ನು ಜಾರುಬಂಡಿಗೆ ಹಾಕಿ, ಗಂಡಸರು ಆಚೆಯಿಂದ ಹಗ್ಗ ಹಿಡಿದು ಎಳೆದರು, ನರ್ಸು ಹಿಂದಿನಿಂದ ನೂಕಿದಳು.

ನಡುದಾರಿಯಲ್ಲಿ ನೆಲ ಬಾಯಿಬಿಟ್ಟಿತು.

ಜಾರುಬಂಡಿ ಸದ್ದಿಲ್ಲದೆ ಇಳಿಯಿತು. ನರ್ಸು ಎದೆಮಟ್ಟ ನೀರಿನಲ್ಲಿದ್ದಳು. ಕೈಗೆ ಸಿಕ್ಕ ಒಂದು ಪೆಟ್ಟಿಗೆಯನ್ನು ತಬ್ಬಿದ್ದಳು.

"ಪೆಟ್ಟಿಗೆ ಬಿಡಿ ಸಿಸ್ಟರ್" ಎಂದ ಕಾಂಪೌಂಡರ್.

"ನೀವು ನನ್ನ ಸೊಂಟದ ಹಗ್ಗ ಎಳೀರಿ."

ಎಳೆದರು. ಅಂಚು ಮುರಿಯಿತು, ಮತ್ತೆ ಎಳೆದರು. ಪೆಟ್ಟಿಗೆ ಸಮೇತ ಮೇಲೆ ಬಂದಳು. ಕಾಂಪೌಂಡರ್ ತನ್ನ ಚೀಲದಿಂದ ಒಣ ಶರ್ಟು, ಪ್ಯಾಂಟು ತೆಗೆದುಕೊಟ್ಟ. ಡ್ರೈವರ್ ಊರಿಗೆ ಓಡಿ ಬೇರೆ ಬಂಡಿ ತಂದ. ನರ್ಸಿಗೆ ಕಾಲು ಇದ್ದದ್ದೇ ತಿಳಿಯಲಿಲ್ಲ. ಏಳು ಪೆಟ್ಟಿಗೆ ಹೋಗಿದ್ದವು, ಅದೂ ತಾನು ಬಿಸಿಲಿಗೆ ಹರಡಿಸಿದ್ದರಿಂದ. ಅದು ತಿಳಿದಿತ್ತು, ಆದರೆ ನೋಯಲಿಲ್ಲ.

ಕೇಂದ್ರದ ಮಂಚದ ಮೇಲೆ ಹೊಲಿಗೆಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಪ್ಯಾಂಟು ಹೊಲಿದವನು ಯಾರು? ಅವನ ಕೈ ಸರಿಯಿಲ್ಲ." ಆಮೇಲೆ ಕೇಳಿದಳು, "ಎಷ್ಟು ಬಂತು?"

"ಇಪ್ಪತ್ತೊಂದು ಪೆಟ್ಟಿಗೆ. ಒಂದು ತಿಂಗಳಿಗೆ ಬರುತ್ತೆ. ದೋಣಿ ಬರೋ ತನಕ ಸಾಲಲ್ಲ ದೊಡ್ಡಮ್ಮ. ತಪ್ಪು ನಂದೇ."

ಹೊಲಿಗೆಯಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಬಟ್ಟೆ ಕಮ್ಮಿ ಬಿದ್ದರೆ ತೋಳು ಗಿಡ್ಡ ಮಾಡ್ತೀವಿ. ಕೋಟು ಬಿಸಾಡಲ್ಲ. ದಿನಕ್ಕೆ ಮೂರು ಹಾಕು."

ನಗರದ ಡಾಕ್ಟರು ಫೋನಿನಲ್ಲಿ ಲೆಕ್ಕವನ್ನೆಲ್ಲ ಎರಡು ಸಲ ಕೇಳಿ ಒಪ್ಪಿದರು. ನೀರು, ಉಪ್ಪು ಅಳೆದು ಕೊಡಿ, ದಿನಾ ತೂಕ ನೋಡಿ, ಉಸಿರು ಕಟ್ಟಿದರೆ ಮಾತ್ರ ಕಾಯದೆ ಹೆಲಿಕಾಪ್ಟರು ಕರೆಸಿ ಎಂದರು. ನಾಲ್ಕನೇ ವಾರ ಕಾಲು ಊದಿತು. ನರ್ಸು ಎರಡು ಸಲ ಹೆಲಿಕಾಪ್ಟರಿಗೆಂದು ಫೋನು ಎತ್ತಿದಳು. ಎರಡು ಸಲವೂ ಮೊದಲು ತೂಕ ನೋಡಿದಳು, ಉಸಿರು ಆಲಿಸಿದಳು, ಫೋನು ಇಟ್ಟಳು.

ದಿನಕ್ಕೆ ಮೂರು ಹಾಕಲು ಶುರುಮಾಡಿದ ನಲವತ್ತೆರಡನೆಯ ದಿನ ಬೆಳಿಗ್ಗೆ ದೋಣಿ ಬಂತು. ಕಪಾಟಿನಲ್ಲಿ ಮೂರು ಚೀಲ ಉಳಿದಿದ್ದವು.

ಹೊಲಿಗೆಯಮ್ಮನನ್ನು ಎಲ್ಲಿಗೂ ಕಳಿಸಲಿಲ್ಲ.