ಜೇನು ಬಣ್ಣದ ಡ್ರಾಪ್‌ಡೌನ್

ಕಂಪ್ಯೂಟರ್ ಪಾಠದ ಮೊದಲ ಕ್ಲಾಸಿನ ಹತ್ತನೇ ನಿಮಿಷದಲ್ಲೇ ಮೇಷ್ಟ್ರು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಅದೇ ಬೆರಳಿನಿಂದ ಅವಳ ಮಾನಿಟರಿನ ಮೇಲಿದ್ದ ಕಲೆಯನ್ನು ಉಜ್ಜಿ ತೆಗೆದ. ಅವಳಿಗೆ ಹೊಟ್ಟೆ ತೊಳಸಿ ಬಂತು.

"ಏನು ಮಾಡ್ತಿದ್ದೀರಿ?"

"ಕಲೆ ಇತ್ತು. ಹೋಯ್ತು."

"ಕಲೆ ಹೋಯ್ತು. ನಿಮ್ಮ ಎಂಜಲು ಉಳೀತು."

ಬ್ಯಾಗಿನಿಂದ ಸ್ಪಿರಿಟ್ ಬಾಟಲಿ, ಹತ್ತಿ ತೆಗೆದು ಅವಳು ಮೊದಲು ಸ್ಕ್ರೀನು, ಆಮೇಲೆ ಕೀಬೋರ್ಡು, ಆಮೇಲೆ ಮೌಸು ಒರೆಸಿದಳು. ಹತ್ತಿ ಕಪ್ಪಾಯಿತು. ಕೀಗಳ ಸಂದಿಯಿಂದ ಬಿಸ್ಕತ್ತಿನ ಪುಡಿ, ಒಂದು ಉದ್ದನೆಯ ಕೂದಲು, ಯಾರೋ ಕಚ್ಚಿ ಉಗಿದ ಉಗುರಿನ ಚೂರು ಹೊರಬಂದವು. ಉಗುರನ್ನು ಕಾಗದದ ಮೇಲಿಟ್ಟು ಅವನ ಮುಂದೆ ಹಿಡಿದಳು. ಉಳಿದ ಐದು ಜನ ವಿದ್ಯಾರ್ಥಿಗಳು ನಕ್ಕರು, ಅಂದೇ ಅವಳಿಗೆ ಸ್ಪಿರಿಟ್ ಮೇಡಂ ಎಂದು ಹೆಸರು ಬಿತ್ತು. ಅವನ ಕಿವಿ ಕೆಂಪಾಯಿತು.

"ನಂದಲ್ಲ," ಎಂದ. ಅವನದೇ ಆಗಿತ್ತು ಎಂದು ಅವನ ಬೆರಳುಗಳನ್ನು ನೋಡಿದವರಿಗೆ ಬೇರೆ ಹೇಳಬೇಕಿರಲಿಲ್ಲ.

ಅವಳು ಇಲ್ಲಿಗೆ ಸೇರಿದ್ದೂ ಅಸಹ್ಯ ತಾಳಲಾರದೆಯೇ. ಅವಳು ಕೆಲಸ ಮಾಡುವಲ್ಲಿದ್ದ ಪ್ರೋಗ್ರಾಂನ ಸ್ಕ್ರೀನು ಪಾಚಿ ಹಸಿರು, ಅದರ ಮೇಲಿನ ಅಕ್ಷರ ಕೆಂಪು. 'ಉಳಿಸು' ಎಂಬ ಬಟನ್ನಿಗೆ ಮೈ ತಾಗಿಸಿಕೊಂಡೇ 'ಅಳಿಸು' ಕೂತಿತ್ತು. ವಾರಕ್ಕೆರಡು ಸಲ ಯಾರದಾದರೂ ವರದಿ ಮಾಯವಾಗುತ್ತಿತ್ತು. ಅದನ್ನು ಮಾಡಿದವನಿಗೆ ಹಿಡಿಶಾಪ ಹಾಕಿ ಹಾಕಿ ಸಾಕಾಗಿ, ತಾನೇ ಹೊಸದೊಂದನ್ನು ಮಾಡುತ್ತೇನೆಂದು ಶನಿವಾರ ಮಧ್ಯಾಹ್ನದ ಈ ಪ್ರೋಗ್ರಾಮಿಂಗ್ ಕ್ಲಾಸಿಗೆ ಬಂದಿದ್ದಳು.

ಮೊದಲ ವಾರ ಖಾಲಿ ವಿಂಡೋ ಮಾಡಿದರು. ಎರಡನೇ ವಾರ ಅದರಲ್ಲಿ ಹೆಸರು ಬರೆಯುವ ಲೇಬಲ್ಲು. ಮೂರನೇ ವಾರ ಅವಳು ಒಂದು ಬಟನ್ ಇಟ್ಟು, ಒತ್ತಿ, ಕಾದು, ಮತ್ತೆ ಒತ್ತಿದಳು.

"ಇದು ಕೆಟ್ಟಿದೆ. ಒತ್ತಿದ್ರೆ ಏನೂ ಆಗ್ತಿಲ್ಲ."

"ಏನಾಗ್ಬೇಕು ಅಂತ ಅದಕ್ಕೆ ಹೇಳಿದ್ದೀರಾ?"

"ಬಟನ್ ಅಂದ್ಮೇಲೆ ಅದಕ್ಕೇ ಗೊತ್ತಾಗಬೇಡ್ವಾ?"

"ಗೊತ್ತಾಗಲ್ಲ ಮೇಡಂ. ಈಗ ಅದು ಬರೀ ಚಿತ್ರ. ಒತ್ತಿದಾಗ ಏನು ಮಾಡ್ಬೇಕು ಅನ್ನೋದನ್ನ ಬೇರೆ ಬರೆದು, ತಂದು ಇದಕ್ಕೆ ಜೋಡಿಸ್ಬೇಕು." ಅವನು ಸ್ಕ್ರೀನಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಪಾಠಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದ. "ಸುಮ್ನೆ ಮುಖ ನೋಡ್ತಾ ಕೂತ್ರೆ ಅದಕ್ಕೆ ಏನೂ ತಿಳಿಯಲ್ಲ."

ಅವಳು ಮೂಗು ಮುರಿದು ಕೋಡ್ ಬರೆದಳು. ಒತ್ತಿದಳು. ಲೇಬಲ್ಲಿನ ಅಕ್ಷರ ಬದಲಾಯಿತು. ನಗು ಬಂದೇಬಿಟ್ಟಿತು, ಅವನು ನೋಡುವಷ್ಟರಲ್ಲಿ ತಡೆದುಕೊಳ್ಳಲಾಗಲಿಲ್ಲ.

ನಗಬಾರದಿತ್ತು. ಏಕೆಂದರೆ ಮನುಷ್ಯ ಕೊಳಕ. ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಮಾತಾಡುತ್ತಾನೆ, ಅದು ಮುರಿದು ಒಳಗೆ ಬೀಳುತ್ತದೆ, ಬೆರಳು ಹಾಕಿ ಎತ್ತಿ ತಿನ್ನುತ್ತಾನೆ. ಪೆನ್ನಿನ ಮುಚ್ಚಳ ಜಗಿಯುತ್ತಾನೆ, ಜಗಿದದ್ದನ್ನೇ ಮುಂದಿನವರಿಗೆ ಕೊಡುತ್ತಾನೆ. ಇಂಥವನು ಪಕ್ಕದಲ್ಲಿ ಬಗ್ಗಿ ನಿಂತರೆ ತನ್ನ ಕುತ್ತಿಗೆಯ ಹಿಂದೆ ಬಿಸಿಯಾಗುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಅವನು ದಡ್ಡ ಪ್ರಶ್ನೆ ಕೇಳಿದವರಿಗೂ ಮುಖ ಕಿವುಚುತ್ತಿರಲಿಲ್ಲ. ಅದೊಂದನ್ನು ಅವಳು ಒಪ್ಪಬೇಕಾಯಿತು.

ಒಪ್ಪಲಾಗದೆ ಮುಚ್ಚಿಟ್ಟದ್ದು ಇನ್ನೊಂದಿತ್ತು. ಅವಳು ಲ್ಯಾಬ್ ಟೆಕ್ನಿಷಿಯನ್. ರಕ್ತ, ಕಫ, ಮೂತ್ರ, ಮಲ. ಅದರಲ್ಲೂ ಅವಳ ಮೇಜಿಗೆ ಬರುವುದು ಹೆಚ್ಚಾಗಿ ಕೊನೆಯದು. ಎರಡು ವರ್ಷದ ಹಿಂದೆ ಚಿಕ್ಕಮ್ಮ ಒಂದು ಸಂಬಂಧ ತಂದಿದ್ದಳು. ಹುಡುಗ "ಎಂಥ ಒಳ್ಳೆ ಸೇವೆ" ಎಂದು ಬಾಯಿ ತುಂಬ ಹೊಗಳಿದ. ಅವಳು ಕೊಟ್ಟ ಕಾಫಿಯನ್ನು ಮಾತ್ರ ತುಟಿಗೂ ಮುಟ್ಟಿಸಲಿಲ್ಲ. ಅದು ಕೆನೆ ಕಟ್ಟಿಕೊಂಡು ಟೀಪಾಯಿಯ ಮೇಲೆ ಕೂತಿತ್ತು, ಅವನು ಎದ್ದುಹೋದ. ಮರುದಿನ ಚಿಕ್ಕಮ್ಮನಿಗೆ ಫೋನು ಬಂತು.

"ಇನ್ಮೇಲೆ ಕೆಲಸ ಏನು ಅಂತ ಮೊದಲೇ ಬಾಯಿ ಬಿಡಬೇಡ ಕಣೇ," ಎಂದಳು ಚಿಕ್ಕಮ್ಮ. ಅಂದಿನಿಂದ ಕೇಳಿದವರಿಗೆಲ್ಲ "ತಪಾಸಣೆ ಕೆಲಸ" ಎಂದಷ್ಟೇ ಹೇಳುತ್ತಿದ್ದಳು. ಮೇಷ್ಟ್ರಿಗೂ ಅಷ್ಟೇ ಹೇಳಿದ್ದಳು. ಅವನೂ ಕಾಫಿ ಬಿಟ್ಟು ಎದ್ದುಹೋದರೆ ತನಗೆ ತಡೆಯಲಾಗುವುದಿಲ್ಲ ಎಂದು ಈಗ ಖಾತ್ರಿಯಾಗಿತ್ತು.

ಆರನೇ ವಾರ ಡ್ರಾಪ್‌ಡೌನಿನ ಪಾಠ: ಒತ್ತಿದರೆ ಕೆಳಗೆ ಪಟ್ಟಿ ಬಿಚ್ಚಿಕೊಳ್ಳಬೇಕು, ಅದರಲ್ಲಿ ಒಂದನ್ನು ಆರಿಸಬೇಕು. ಅವಳ ವಿಂಡೋದಲ್ಲಿ ಮೂರು ಪಟ್ಟಿಗಳಿದ್ದವು. ಬಣ್ಣ, ಗಟ್ಟಿತನ, ವಾಸನೆ.

ಅವನ ಮುಖ ಅರಳಿತು. "ಓ, ಚಾಕೊಲೇಟ್ ಕಂಪನಿನಾ? ಮೊದಲೇ ಹೇಳಬಾರದಾ?"

ಅಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕುರ್ಚಿ ಎಳೆದುಕೊಂಡು ಕೂತು ಖುಷಿಯಿಂದ ಟೈಪ್ ಮಾಡತೊಡಗಿದ್ದ. ಜೇನು. ಕ್ಯಾರಮೆಲ್. ಕಡು ಚಾಕೊಲೇಟ್. ಗಟ್ಟಿತನಕ್ಕೆ: ಕೆನೆಯಂತೆ, ಬೆಣ್ಣೆಯಂತೆ, ಗರಿಗರಿ.

"ಹೇಗಿದೆ? ಪಟ್ಟಿ ನೋಡಿದ್ರೇನೇ ಬಾಯಲ್ಲಿ ನೀರೂರಬೇಕು."

"ಊರ್ತಿದೆ," ಎಂದಳು. ಊರಿದ್ದು ವಾಕರಿಕೆಯ ನೀರು.

ಆ ಪದಗಳನ್ನು ತೆಗೆದು ಸರಿಯಾದವನ್ನು ಹಾಕುವುದು ಎರಡು ನಿಮಿಷದ ಕೆಲಸ. ಲ್ಯಾಬಿನಲ್ಲಿ ಕೂತು ಎರಡು ಸಲ ಪ್ರಯತ್ನಿಸಿದಳು. ಅವನು ನಾಲಿಗೆ ಕಚ್ಚಿಕೊಂಡು, ಲೆಕ್ಕ ಬಿಡಿಸುವ ಮಗುವಿನಂತೆ ಒಂದೊಂದೇ ಪದ ಯೋಚಿಸಿದ್ದು ನೆನಪಾಗಿ, ಎರಡು ಸಲವೂ ಅಳಿಸದೆ ಬಿಟ್ಟಳು. ಹೀಗಾಗಿ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಅಕ್ಕ ಹೊಸ ವಿಂಡೋವನ್ನು ಆ ಪಟ್ಟಿಯೊಂದಿಗೇ ಬಳಸತೊಡಗಿದರು. ಜೇನೆಂದರೆ ಹಳದಿ, ಕ್ಯಾರಮೆಲ್ ಎಂದರೆ ಕಂದು, ಕಡು ಚಾಕೊಲೇಟ್ ಎಂದರೆ ಕಪ್ಪು, ರಕ್ತ ಬಿದ್ದಿರಬಹುದು, ಡಾಕ್ಟರಿಗೆ ತಕ್ಷಣ ತಿಳಿಸಬೇಕು. ವರದಿ ಅಚ್ಚಾಗುವ ಮುಂಚೆ ಇವಳು ಕೂತು ಒಂದೊಂದನ್ನೂ ಕೈಯಲ್ಲಿ ತಿದ್ದುತ್ತಿದ್ದಳು.

ಕೊನೆಯ ಪಾಠದ ನಿಯಮ ಅವಳಿಗೆ ತಿಳಿದಿರಲಿಲ್ಲ. ವಿಂಡೋ ಮಾಡಿದವರು, ಅದನ್ನು ಬಳಸುವವರ ಪಕ್ಕದಲ್ಲಿ ಅರ್ಧ ಗಂಟೆ ಕೂರಬೇಕು. ಹೇಳಿಕೊಡಬಾರದು, ಮಾತಾಡಬಾರದು, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಬೇಕು. ಮೇಷ್ಟ್ರೂ ಜೊತೆಗೆ ಬರುತ್ತಾನೆ.

"ನಮ್ಮಲ್ಲಿ ಹೊರಗಿನವರನ್ನ ಬಿಡಲ್ಲ."

"ನಾನು ಕೇಳ್ಕೊತೀನಿ."

"ವಾಸನೆ ಬರುತ್ತೆ."

"ಚಾಕೊಲೇಟ್ ವಾಸನೆಗೆ ಯಾರಾದ್ರೂ ಹೆದರ್ತಾರಾ?"

ಅವನು ನಗುತ್ತಿದ್ದ. ಮುಚ್ಚಿಡುವುದೂ ಒಂದು ಹೊಲಸೇ ಎಂದು ಅವಳಿಗೆ ಅನ್ನಿಸಿತು. ಆದದ್ದಾಗಲಿ ಎಂದು ವಿಳಾಸ ಬರೆದುಕೊಟ್ಟಳು.

ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹೊರಗಿನ ಬೋರ್ಡು ಓದಿದವನ ಮುಖ ಆಗಲೇ ಸ್ವಲ್ಪ ಬಿಳಿಚಿತ್ತು. ಅವಳ ಕಡೆ ನೋಡಿದ, ಏನೋ ಕೇಳಹೊರಟ, ನಿಯಮ ನೆನಪಾಗಿ ಬಾಯಿ ಮುಚ್ಚಿ ಅಕ್ಕನ ಪಕ್ಕ ಕೂತ. ರಕ್ತದ ಟ್ಯೂಬುಗಳನ್ನು ಸಹಿಸಿಕೊಂಡ. ಹತ್ತನೇ ನಿಮಿಷಕ್ಕೆ ಅಕ್ಕ ಒಂದು ಡಬ್ಬಿಯ ಮುಚ್ಚಳ ತಿರುಗಿಸಿದರು. ಕಡ್ಡಿಯಿಂದ ಕಲಕಿ, ಬೆಳಕಿಗೆ ಹಿಡಿದು, ಸಹಜವಾಗಿ ಕೇಳಿದರು:

"ಇದನ್ನ ಜೇನು ಅನ್ನಲಾ, ಕ್ಯಾರಮೆಲ್ ಅನ್ನಲಾ? ನೀವೇ ಅಲ್ವಾ ಪಟ್ಟಿ ಬರೆದಿದ್ದು?"

ಅವನಿಗೆ ಸಿಂಕಿನವರೆಗೂ ತಲುಪಲಾಗಲಿಲ್ಲ.

ಆಮೇಲೆ ಹಿಂದಿನ ಜಗಲಿಯ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದ. ಅವಳು ಒದ್ದೆ ಬಟ್ಟೆ ತಂದು ಅವನ ಗಲ್ಲ, ಕುತ್ತಿಗೆ, ಅಂಗಿಯ ಕಾಲರು ಒರೆಸುತ್ತಿದ್ದಳು. ಕೈ ಒರೆಸುತ್ತಿತ್ತು, ಬಾಯಿ ಬೆಂಕಿ ಕಾರುತ್ತಿತ್ತು.

"ಆಯ್ತಲ್ಲ, ನೋಡಿದ್ರಲ್ಲ. ಈಗ 'ಎಂಥ ಒಳ್ಳೆ ಸೇವೆ' ಅಂತ ಹೊಗಳಿ, ಎದ್ದು ಹೋಗಿ. ಹಿಂದೆ ಒಬ್ರು ಹಾಗೇ ಮಾಡಿದ್ರು. ನನಗೆ ಅಭ್ಯಾಸ ಇದೆ."

"ಹೊಗಳಲ್ಲ. ನನಗೆ ತುಂಬ ಹೇಸಿಗೆ ಆಯ್ತು." ಅವನು ಉಸಿರು ತೆಗೆದುಕೊಂಡ. "ನಾಳೆ ಮತ್ತೆ ಬಂದ್ರೂ ಹೇಸಿಗೆ ಆಗಬಹುದು. ಆದ್ರೆ ಬರಲ್ಲ ಅಂತ ಮಾತ್ರ ಹೇಳಲಾರೆ."

ಅವಳ ಕೈ ನಿಂತಿತು.

"ಅಕ್ಕ ಹತ್ತು ನಿಮಿಷದಲ್ಲಿ ನಾಲ್ಕು ಸಲ ಗ್ಲೌಸ್ ಬಿಚ್ಚಿ ಕೈ ತೊಳೆದ್ರು, ಬರೀ ನಮ್ಮ ಪಟ್ಟಿ ಒತ್ತೋಕೆ," ಎಂದ. "ತೊಳೆದು ತೊಳೆದು ಬೆರಳೆಲ್ಲ ಬಿರುಕು ಬಿಟ್ಟಿದೆ, ನಿಮ್ಮದೂ ಹಾಗೇ ಇದೆ. ನಾನು ಪಟ್ಟಿ ಚೆಂದ ಮಾಡ್ತಾ ಕೂತಿದ್ದೆ, ಕೈ ನೋಡ್ಲೇ ಇಲ್ಲ. ಮೌಸ್ ಬದಲು ಕಾಲಲ್ಲಿ ಒತ್ತೋ ಪೆಡಲ್ ಸಿಗುತ್ತೆ. ಜೋಡಿಸೋಣ." ಆಮೇಲೆ ನಿಧಾನವಾಗಿ, "ನೀವು ಈಗ ಗ್ಲೌಸ್ ಹಾಕೇ ಇಲ್ಲ," ಎಂದ.

ಅವಳು ತನ್ನ ಕೈ ನೋಡಿಕೊಂಡಳು. ಬರಿಗೈ. ಅವನ ವಾಂತಿ ಬೆರಳ ಸಂದಿಯಲ್ಲೂ ಇತ್ತು. ಹೊಟ್ಟೆ ತೊಳಸುತ್ತದೇನೋ ಎಂದು ಕಾದಳು. ಏನೂ ಆಗಲಿಲ್ಲ. ಲ್ಯಾಬಿನಲ್ಲಿ ಗ್ಲೌಸ್ ಕಾಯುತ್ತಿತ್ತು; ಹೊರಗೆ ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಕಂಬಿ, ನೆಂಟರ ಲೋಟ, ಪಕ್ಕದವರ ಉಸಿರು, ಯಾವುದನ್ನೂ ಸಹಿಸದ ಹೆಂಗಸು ಅವಳು. ತನಗೇನಾಯಿತು ಎಂಬ ಭಯದಿಂದ ಅವಳ ಕಣ್ಣು ತುಂಬಿಬಂತು.

"ನನಗೆ ಪ್ರಪಂಚದಲ್ಲಿ ಎಲ್ಲರನ್ನ ಕಂಡ್ರೂ ಹೇಸಿಗೆ," ಎಂದಳು. "ನಿಮ್ಮನ್ನ ಕಂಡ್ರೆ ಆಗ್ತಿಲ್ಲ."

"ಇದು ಹೊಗಳಿಕೆನಾ?"

"ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಇಲ್ಲ."

ಅವನು ಆ ಒದ್ದೆ ಕೈಯನ್ನು ತೊಳೆಯಲೂ ಬಿಡದೆ ಹಿಡಿದುಕೊಂಡ. ಒಳಗಿನಿಂದ ಅಕ್ಕ ಕೂಗಿದರು, ಇನ್ನೂ ಆರು ಡಬ್ಬಿ ಉಳಿದಿವೆ, ಬರುವವರು ಬರಬಹುದು ಎಂದು. ಅವನು ಇನ್ನೊಂದು ಕೈಯಿಂದ ಮೂಗು ಹಿಡಿದುಕೊಂಡ. ಎದ್ದು, ಅವಳ ಕೈ ಬಿಡದೆ, ಒಳಗೆ ನಡೆದ.