ಇದ್ದದ್ದು ಒಂದೇ ಸೀಟು

ಗುಂಡ್ಲುಪೇಟೆ ಹೊರಗಿನ ಕೆರೆ. ಏರಿಯ ಕೆಳಗೆ ಚೆಂಡುಹೂವಿನ ಹೊಲ. ಬೆಳಗ್ಗೆ ಹೂ ಕೀಳಲು ಬಂದ ಹೆಂಗಸರು ಕೈ ತೊಳೆಯಲು ನೀರಿಗಿಳಿದರು. ಜೊಂಡಿನ ನಡುವೆ ಹುಡುಗಿಯೊಬ್ಬಳು ಬೋರಲು ಬಿದ್ದಿದ್ದಳು. ದಡದಲ್ಲಿ ಬ್ಯಾಗು. ಅದರೊಳಗೆ ಕಾಲೇಜಿನ ಐಡಿ ಕಾರ್ಡು.

ಹೆಸರು ಶಿವರಂಜಿನಿ. ಊರು ಉಮ್ಮತ್ತೂರು. ಚಾಮರಾಜನಗರದಲ್ಲಿ ಸೋದರತ್ತೆ ಯಶೋದಮ್ಮನ ಮನೆಯಲ್ಲಿದ್ದು ಇಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದವಳು.

ಸಬ್ ಇನ್‌ಸ್ಪೆಕ್ಟರ್ ಭಾನು ಹೆಣವನ್ನು ಬಹಳ ಹೊತ್ತು ನೋಡಿದಳು. ಕತ್ತಿನ ಸುತ್ತ ಕಂದು ಗೆರೆ. ಬಟ್ಟೆ ಬಿಗಿದ ಗುರುತು. ಇದು ನೀರಿನ ಸಾವಲ್ಲ.

* * *

ಸುದ್ದಿ ಮುಟ್ಟುವ ಮೊದಲೇ ಭಾನು ಚಾಮರಾಜನಗರದ ಆ ಮನೆ ಮುಟ್ಟಿದಳು. ಅಂಗಳ ಇನ್ನೂ ಒದ್ದೆ. ಹೊಸಿಲೂ ಒದ್ದೆ. ರಂಗೋಲಿ ಇರಲಿಲ್ಲ. ಯಶೋದಮ್ಮ ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟುಕೊಂಡಿದ್ದಳು. ಶಿವರಂಜಿನಿಯ ಜೊತೆಗೇ ಓದುತ್ತಿದ್ದ ಮಗ ರಘುನಾಥ ಮೂಲೆಯಲ್ಲಿ ಹೋಟೆಲಿನ ಇಡ್ಲಿ ಪೊಟ್ಟಣ ಬಿಚ್ಚಿ ಕೂತಿದ್ದ. ತಿನ್ನುತ್ತಿರಲಿಲ್ಲ.

ರಂಜಿನಿ ಎಲ್ಲಿ ಎಂದು ಭಾನು ಕೇಳಿದಳು.

"ಮೊದ್ಲ್ನೇ ಬಸ್ಗೆ ಬೆಂಗ್ಳೂರ್ಗೆ ಓದ್ಲು ಕಣವ್ವ. ದೊಡ್ಡ ಕಾಲೇಜ್ಗೆ ಸೇರಕೆ. ಕುಂಕುಮ ಇಟ್ಟು ನಾನೇ ಕಳಿಸ್ಕೊಟ್ಟೆ."

ಆಗ ಭಾನು ವಿಷಯ ಹೇಳಿದಳು. ಯಶೋದಮ್ಮ ಗೋಡೆಗೆ ಒರಗಿ ಕುಸಿದಳು. ಭಾನು ನೀರು ತರಲು ಅಡುಗೆಮನೆಗೆ ಹೋದಳು. ಒಲೆ ತಣ್ಣಗಿತ್ತು. ದೇವರ ಗೂಡಿನಲ್ಲಿ ದೀಪವಿರಲಿಲ್ಲ.

* * *

ಬೆಂಗಳೂರಿನ ಆ ವಿಶ್ವವಿದ್ಯಾಲಯಕ್ಕೆ ಸೇರುವುದೇ ಕಷ್ಟ. ಎರಡನೇ ವರ್ಷಕ್ಕೆ ಬೇರೆ ಕಾಲೇಜಿನಿಂದ ಬಂದು ಸೇರುವುದು ಇನ್ನೂ ಕಷ್ಟ. ಅಲ್ಲಿ ಯಾರಾದರೂ ಬಿಟ್ಟುಹೋದರೆ ಮಾತ್ರ ಜಾಗ. ಈ ವರ್ಷ ಇದ್ದದ್ದು ಒಂದೇ ಸೀಟು. ಪರೀಕ್ಷೆ ಬರೆದು ಶಿವರಂಜಿನಿ ಅದನ್ನು ಗೆದ್ದಿದ್ದಳು. ಹಳೇ ಕಾಲೇಜು ಒಪ್ಪಿಗೆಯನ್ನೂ ಕೊಟ್ಟಿತ್ತು. ಉಳಿದದ್ದು ಹೋಗಿ ಹಾಜರಾಗುವುದಷ್ಟೇ.

ಇನ್‌ಸ್ಪೆಕ್ಟರ್ ವೃಷಭೇಂದ್ರಪ್ಪ ಅಷ್ಟರಲ್ಲಿ ಗಿರೀಶನನ್ನು ಹಿಡಿದು ತಂದಿದ್ದರು. ಗುಂಡ್ಲುಪೇಟೆಯ ಹುಡುಗ, ಅವಳ ಸಹಪಾಠಿ. ಬೆಳಗ್ಗೆಯಿಂದ ಅವಳ ಫೋನಿಗೆ ಮೇಲಿಂದ ಮೇಲೆ ಕರೆ ಮಾಡಿದ್ದ. ಕೇಳಿದರೆ ಮಾಡಿಲ್ಲ ಎಂದು ಸುಳ್ಳು ಹೇಳಿದ. ಸಂಜೆಗೆ ಎರಡೂ ಊರಲ್ಲಿ ಒಂದೇ ಮಾತು. ಓದೋ ನೆಪದಲ್ಲಿ ಹುಡುಗನ ಹಿಂದೆ ಹೋದವಳು.

ಆ ಮಾತು ಶಿವರಂಜಿನಿಯ ಅಪ್ಪ ಸೋಮಯ್ಯನ ಕಿವಿಗೂ ಬಿತ್ತು. ಶವಾಗಾರದ ಮುಂದೆ ಭಾನುವಿನ ಹತ್ತಿರ ಬಂದ.

"ಜೀವ ಓಯ್ತು, ಅದು ಬರಕಿಲ್ಲ. ಮಗೀನ ಎಸ್ರಾದ್ರೂ ಉಳಿಸ್ಕೊಡವ್ವ. ಈ ಮಾತಿಟ್ಕಂಡು ಎಂಗ್ ಮಣ್ ಮಾಡ್ಲಿ?"

ಭಾನು ಗಿರೀಶನಿದ್ದ ಲಾಕಪ್ಪಿನ ಮುಂದೆ ಹೋಗಿ ನಿಂತಳು. ಯಾಕೆ ಸುಳ್ಳು ಹೇಳಿದೆ ಎಂದಳು.

"ಭಯ ಆಯ್ತು ಮೇಡಂ. ಬಸ್ ಹತ್ತಿಸೋಣ ಅಂತ ಚಾಮರಾಜನಗರ ಸ್ಟ್ಯಾಂಡಲ್ಲಿ ಕಾಯ್ತಿದ್ದೆ. ಅವ್ಳು ಬರ್ಲೇ ಇಲ್ಲ."

ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಹುಡುಗ ಒಬ್ಬನೇ ನಿಂತಿದ್ದ. ಅವಳು ಬಂದದ್ದು ಎಲ್ಲೂ ಇರಲಿಲ್ಲ.

* * *

ಭಾನು ಸೋಮಯ್ಯನನ್ನು ಕರೆದುಕೊಂಡೇ ಮತ್ತೆ ಆ ಮನೆಗೆ ಹೋದಳು. ವೃಷಭೇಂದ್ರಪ್ಪನವರೂ ಬಂದರು, ಅರೆಮನಸ್ಸಿನಿಂದ.

"ನಾನೂ ಇಲ್ಲೇ ಪಕ್ಕದ ಚಂದಕವಾಡಿಯವಳು ಯಶೋದಮ್ಮ," ಎಂದಳು ಭಾನು. "ಊರಿಗೆ ಹೊರಟವರ ಬೆನ್ನ ಹಿಂದೆ ನಮ್ಮ ಕಡೆ ಕಸ ಕೂಡ ಗುಡಿಸಲ್ಲ. ನೀವು ಮನೆಯನ್ನೇ ತೊಳೆದಿದ್ರಿ."

"ಮನೆ ತೊಳ್ದಿದ್ ಒಂದು ಕೇಸಾ?" ಎಂದರು ವೃಷಭೇಂದ್ರಪ್ಪ.

"ಮನೆ ಒಂದೇ ಅಲ್ಲ ಸಾರ್. ತಲೆಗೆ ನೀರು. ರಂಗೋಲಿ ಇಲ್ಲ, ದೀಪ ಇಲ್ಲ, ಒಲೆ ಹಚ್ಚಿಲ್ಲ, ಹೋಟೆಲಿನ ತಿಂಡಿ. ಇಷ್ಟನ್ನೂ ಒಟ್ಟಿಗೆ ಮಾಡೋದು ಯಾವಾಗ? ಹೆಣ ಹೊಸಿಲು ದಾಟಿದ ಮೇಲೆ. ನಾನಿಲ್ಲಿಗೆ ಬಂದಾಗ ಅವಳು ಸತ್ತಿದ್ದು ಈ ಮನೇಲಿ ಯಾರಿಗೂ ಗೊತ್ತಿರಬಾರದಾಗಿತ್ತು."

ಭಾನು ರಘುನಾಥನ ಕಡೆ ತಿರುಗಿದಳು. ಆ ಸೀಟಿನ ಸಾಲಿನಲ್ಲಿ ಶಿವರಂಜಿನಿಯ ಹಿಂದೆ ಯಾರಿದ್ದಾರೆ ಎಂದು ಬೆಂಗಳೂರಿಗೆ ಫೋನ್ ಮಾಡಿ ಕೇಳಿದ್ದಳು. ಶಿವರಂಜಿನಿ ಹೋಗದಿದ್ದರೆ ಸೀಟು ಅದೇ ಪರೀಕ್ಷೆ ಬರೆದಿದ್ದ ರಘುನಾಥನದು.

ಯಶೋದಮ್ಮನ ಬಾಯಿಂದಲೇ ಮೊದಲು ಬಂತು.

"ಎಣ ಒಳಗಿತ್ತಲ್ಲವ್ವ... ಸೂತಕದ ಮನೇಲಿ ಎಂಗ್ ದೀಪ ಅಚ್ಲಿ? ಕೈ ತಾನಾಗೇ ಮಾಡ್ಬುಡ್ತು."

ಆಮೇಲೆ ರಘುನಾಥ ತಲೆ ತಗ್ಗಿಸಿ ಒಂದೊಂದಾಗಿ ಹೇಳಿದ. ಇಬ್ಬರೂ ಒಂದೇ ಮೇಜಿನಲ್ಲಿ ಓದಿದ್ದರು. ಲೆಕ್ಕ ಹೇಳಿಕೊಟ್ಟವಳೂ ಅವಳೇ. ನೀನು ಎಲ್ಲಿದ್ದರೂ ಮೇಲೆ ಬರ್ತೀಯ, ನನಗೆ ಬಿಟ್ಟುಕೊಡು ಎಂದು ಹಿಂದಿನ ಸಂಜೆ ಕೇಳಿದ್ದ. ಆಗಲ್ಲ ಬಾವ ಎಂದು ನಕ್ಕು ಬ್ಯಾಗು ತುಂಬುತ್ತಿದ್ದಳು. ಅವಳ ದುಪಟ್ಟವೇ ಕೈಗೆ ಸಿಕ್ಕಿತು. ಬೆಳಕು ಹರಿಯುವ ಮೊದಲು ಮನೆಯ ಗೂಡ್ಸ್ ಆಟೋದಲ್ಲಿ ಹೆಣ ಸಾಗಿಸಿದ. ತಪ್ಪು ಗಿರೀಶನ ಮೇಲೆ ಹೋಗಲಿ ಎಂದೇ ಗುಂಡ್ಲುಪೇಟೆ ಕೆರೆ ಆರಿಸಿದ. ಪೊಲೀಸರು ಹುಡುಕಿದಾಗ ಆಟೋದ ಸೀಟಿನ ಕೆಳಗೆ ದುಪಟ್ಟ ಸಿಕ್ಕಿತು.

ಗಿರೀಶನನ್ನು ಬಿಟ್ಟು ಕಳಿಸಲು ವೃಷಭೇಂದ್ರಪ್ಪ ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದರು.

ಯಶೋದಮ್ಮ ತೆವಳಿಕೊಂಡು ಬಂದು ಅಣ್ಣನ ಕಾಲು ಹಿಡಿದಳು. ಇರೋನು ಒಬ್ಬನೇ ಮಗ, ಏನು ಮಾಡಲಿ ಅಣ್ಣ ಎಂದು ಅತ್ತಳು. ಸೋಮಯ್ಯ ಕಾಲು ಬಿಡಿಸಿಕೊಳ್ಳಲಿಲ್ಲ. ಅವಳು ಅತ್ತು ಮುಗಿಸುವವರೆಗೂ ನಿಂತಿದ್ದ.

"ನಾಳೆ ಮಗೀನ ಊರ್ಗೆ ಕರ್ಕಂಡೋಯ್ತೀನಿ," ಎಂದ. "ಮಣ್ಣಾಕಕೆ ನೀನು ಬರ್ಬ್ಯಾಡ ಕಣವ್ವ."